ಬಯಲು ತುಂಬ ಹೂವಿದ್ರೂ ಫೋಟೋದಲ್ಲಿ ಬರೀ ಹಸಿರೇ ಕಾಣೋದು ಯಾಕೆ?

ಹುಲ್ಲುಹಾದಿ:
ಎಲ್ಲರಿಗೂ ನಮಸ್ಕಾರ. ಎರಡು ಫೋಟೋ ಹಾಕಿದೀನಿ, ನೋಡಿ ಅಭಿಪ್ರಾಯ ಹೇಳಿ. ಮೊದಲನೇದು ಗುಡ್ಡದ ಇಳಿಜಾರು, ಉದ್ದಕ್ಕೂ ನೇರಳೆ ಕಾಡುಹೂ ಹರಡಿಕೊಂಡಿತ್ತು, ಕಣ್ಣಿಗೆ ಗುಡ್ಡಕ್ಕೆ ಗುಡ್ಡನೇ ನೇರಳೆ ಅನ್ನಿಸ್ತಿತ್ತು. ನಿಂತ್ಕೊಂಡು 24 ಎಂಎಂ ವೈಡ್ ಲೆನ್ಸಲ್ಲಿ (ಅಗಲ ನೋಟದ್ದು) ತೆಗೆದಿದ್ದು. ಫೋಟೋದಲ್ಲಿ ನೋಡಿದ್ರೆ ಹಸಿರು ಹುಲ್ಲು, ಅದರ ಮೇಲೆ ಅಲ್ಲಲ್ಲಿ ಚುಕ್ಕಿ ಇಟ್ಟ ಹಾಗೆ ಹೂ, ಅದೂ ನೇರಳೆ ಅಲ್ಲ, ನೀಲಿ ಕಡೆಗೆ ವಾಲಿದೆ. ಎರಡನೇದ್ರಲ್ಲಿ ಮುಂದೆ ಹಳದಿ ಹೂವಿನ ಗೊಂಚಲು, ಹಿಂದೆ ಕಣಿವೆ. ಇಲ್ಲಿ ಹಳದಿ ಎಷ್ಟು ಚಪ್ಪಟೆಯಾಗಿದೆ ಅಂದ್ರೆ ಎಸಳು ಯಾವುದು ಮಧ್ಯದ ಭಾಗ ಯಾವುದು ಗೊತ್ತೇ ಆಗ್ತಿಲ್ಲ, ಪೇಂಟ್ ಬಳಿದ ಹಾಗಿದೆ.

ಸ್ಯಾಚುರೇಷನ್ (ಬಣ್ಣದ ಗಾಢತೆ) ಏರಿಸಿ ನೋಡ್ದೆ, ಹೂವಿಗಿಂತ ಮೊದಲು ಹುಲ್ಲು ಕಿರುಚೋಕೆ ಶುರು ಮಾಡುತ್ತೆ. ಇದು ಎಡಿಟಿಂಗ್‌ನಲ್ಲಿ ಸರಿಮಾಡೋ ವಿಷಯನಾ, ಇಲ್ಲ ಅಲ್ಲಿ ನಿಂತಾಗಲೇ ಬೇರೆ ಥರ ತೆಗೀಬೇಕಿತ್ತಾ? ಕಂಪೊಸಿಷನ್ನು (ಫ್ರೇಮಿನಲ್ಲಿ ಏನು ಎಲ್ಲಿ ಇರ್ಬೇಕು ಅನ್ನೋದು), ಬಣ್ಣ ಎರಡರ ಬಗ್ಗೆನೂ ಹೇಳಿ.

ಕಾಡುಮಲ್ಲಿಗೆ:
ನಂಗೂ ಇದೇ ಪ್ರಶ್ನೆ ಇತ್ತು. ಫಾಲೋ ಮಾಡ್ತಿದೀನಿ.

ಬೆಳಕಿಂಡಿ:
ಒಳ್ಳೇ ಪ್ರಶ್ನೆ, ಮತ್ತೆ ಎರಡೂ ಒಂದೇ ಪ್ರಶ್ನೆ ಅಂತ ನನ್ನ ಅನಿಸಿಕೆ, ಆಮೇಲೆ ಅಲ್ಲಿಗೆ ಬರ್ತೀನಿ. ಹೂವಿನ ಫೋಟೋ ತೆಗೆಯೋರು ಎಲ್ಲರೂ ಹೂವನ್ನೇ ನೋಡ್ತಾರೆ, ಹಸಿರನ್ನ ಯಾರೂ ನೋಡಲ್ಲ. ಆದ್ರೆ ಫ್ರೇಮಿನಲ್ಲಿ ಹೆಚ್ಚು ಜಾಗ ತಿನ್ನೋದು ಹಸಿರು. ಅದು ಎಷ್ಟಿದೆ, ಎಲ್ಲಿದೆ, ಯಾವ ಥರದ ಹಸಿರು ಅನ್ನೋದು ಸರಿಯಾದ್ರೆ ಹೂವಿನ ಬಣ್ಣ ತೊಂಬತ್ತು ಪಾಲು ತಾನಾಗೇ ಸರಿಯಾಗುತ್ತೆ.

ನಿಮ್ಮ ಮೊದಲನೇ ಫೋಟೋ ತಗೊಳ್ಳಿ. ಅಲ್ಲಿ ನಿಂತಾಗ ನಿಮ್ಮ ಕಣ್ಣು ಹೂವಿಂದ ಹೂವಿಗೆ ಹಾರ್ತಾ ಹೋಗುತ್ತೆ, ಮಧ್ಯದ ಹುಲ್ಲನ್ನ ಮನಸ್ಸು ಲೆಕ್ಕಕ್ಕೇ ತಗೊಳ್ಳಲ್ಲ, ಅದಕ್ಕೇ ಗುಡ್ಡ ಪೂರ್ತಿ ನೇರಳೆ ಅನ್ಸೋದು. ಕ್ಯಾಮೆರಾಗೆ ಅಂಥ ಮುಲಾಜಿಲ್ಲ, ಎಷ್ಟು ಜಾಗದಲ್ಲಿ ಯಾವ ಬಣ್ಣ ಇದೆಯೋ ಅಷ್ಟನ್ನ ಬರ್ಕೊಳ್ಳುತ್ತೆ. ಹಾಗಾಗಿ ಹೂವಿನ ಪಾಲು ಜಾಸ್ತಿ ಆಗೋ ಜಾಗ ಹುಡುಕೋದೇ ಕಂಪೊಸಿಷನ್‌ನ ಮೊದಲ ಕೆಲಸ.

ಇದಕ್ಕೆ ಒಂದು ಸಣ್ಣ ಲೆಕ್ಕ ಹಾಕಿ ನೋಡಿ. ಹೂ ನೆಲದಿಂದ 30 ಸೆಂ.ಮೀ. ಎತ್ತರ, ಒಂದು ಹೂವಿಗೂ ಅದರ ಹಿಂದಿನ ಹೂವಿಗೂ 20 ಸೆಂ.ಮೀ. ಅಂತರ ಅಂತ ಇಟ್ಕೊಳ್ಳಿ. ನೀವು ನಿಂತಿದೀರ, ಕ್ಯಾಮೆರಾ 1.6 ಮೀಟರ್ ಎತ್ತರದಲ್ಲಿದೆ, 3 ಮೀಟರ್ ದೂರದ ಹೂ ನೋಡ್ತಿದೀರ. ಆಗ ಎರಡು ಹೂವಿನ ನಡುವೆ ಎಂಟೊಂಬತ್ತು ಸೆಂ.ಮೀ.ನಷ್ಟು ಎಲೆ, ಕಾಂಡ ಕಣ್ಣಿಗೆ ಬೀಳುತ್ತೆ. ಅದೇ ಕುಕ್ಕರಗಾಲಲ್ಲಿ ಕೂತು ಕ್ಯಾಮೆರಾನ 45 ಸೆಂ.ಮೀ.ಗೆ ಇಳಿಸಿದ್ರೆ ಅದೇ ಗ್ಯಾಪು ಬರೀ 1 ಸೆಂ.ಮೀ. ಆಗುತ್ತೆ. ಹೂ ಅಷ್ಟೇ, ಗಿಡ ಅಷ್ಟೇ, ಹಸಿರು ಮಾತ್ರ ಹೂವಿನ ಹಿಂದೆ ಬಚ್ಚಿಟ್ಕೊಂಡಿದೆ. ತೀರಾ ನೆಲಕ್ಕೇ ಇಳಿಸ್ಬೇಡಿ, ಹೂವಿನ ಮಟ್ಟಕ್ಕೇ ಬಂದ್ರೆ ಇಡೀ ಬಯಲು ಒಂದು ಗೆರೆ ಥರ ಆಗಿಹೋಗುತ್ತೆ, ಹಿಂದಿನ ಹೂ ಯಾವುದೂ ಕಾಣಲ್ಲ. ಹೂವಿಗಿಂತ ಒಂದು ಗೇಣು ಮೇಲೆ, ಅಷ್ಟು ಸಾಕು.

ಇಳಿಜಾರಿನ ಬಗ್ಗೆ ಇನ್ನೊಂದು. ನಿಮ್ಮ ಎದುರಿಗೆ ಏರ್ತಾ ಹೋಗೋ ಇಳಿಜಾರು ಅಂದ್ರೆ ನೀವು ಅದನ್ನ ಹೆಚ್ಚು ಕಮ್ಮಿ ನೇರಕ್ಕೆ ನೋಡ್ತಿದೀರ, ಗ್ಯಾಪೆಲ್ಲ ಬಿಚ್ಚಿಕೊಳ್ಳುತ್ತೆ. ನಿಮ್ಮಿಂದ ಆಚೆಗೆ ಇಳಿಯೋ ಕಡೆಗೆ ತಿರುಗಿದ್ರೆ, ಇಲ್ಲಾ ಇಳಿಜಾರಿಗೆ ಅಡ್ಡಡ್ಡ ನೋಡಿದ್ರೆ, ಅದೇ ಹೂ ಇನ್ನೂ ದಟ್ಟವಾಗಿ ಕಾಣುತ್ತೆ. ಫೋಟೋ ಒಂದು ಎದುರು ಏರಿನದ್ದು, ಅದಕ್ಕೇ ಚುಕ್ಕಿ ಚುಕ್ಕಿ.

ದಿಬ್ಬದಾಚೆ:
ಬೆಳಕಿಂಡಿ ಸರ್ ಲೆಕ್ಕ ಒಪ್ತೀನಿ, ಆದ್ರೆ ಒಂದು ಮಾತಿಗೆ ತಕರಾರಿದೆ. ಎಲ್ಲರೂ ಕೆಳಗೆ ಕೂತು ವೈಡ್ ಲೆನ್ಸ್ ಹಾಕಿ ಮುಂದೆ ಒಂದು ದೊಡ್ಡ ಹೂ, ಹಿಂದೆ ಒಂದು ಸಣ್ಣ ಬೆಟ್ಟ ತೆಗೆದೂ ತೆಗೆದೂ ಯಾರ ಫೋಟೋ ಯಾರದ್ದು ಅಂತಲೇ ಗೊತ್ತಾಗದ ಹಾಗಾಗಿದೆ. ಬೆಟ್ಟಾನೂ ಪಾಪ 16 ಎಂಎಂನಲ್ಲಿ ಗುಬ್ಬಚ್ಚಿ ಆಗಿರುತ್ತೆ. ಬಯಲಲ್ಲಿ ಹೂ ಬೆಳೆಯೋದು ಸಮನಾಗಿ ಅಲ್ಲ. ನೀರು ಹರಿದ ಕಡೆ ಗೆರೆಗೆರೆಯಾಗಿ, ಬಂಡೆ ಸುತ್ತ ಗುಂಪಾಗಿ, ಮಣ್ಣು ತೆಳು ಇರೋ ಕಡೆ ವಿರಳವಾಗಿ. ಆ ಗೆರೆ, ಆ ಗುಂಪು, ಅದೇ ಆ ಜಾಗದ ಗುಣ. ಅದನ್ನ ನೋಡೋಕೆ ಸ್ವಲ್ಪ ದೂರ ಹೋಗ್ಬೇಕು, ಎತ್ತರಕ್ಕೆ ಹೋಗ್ಬೇಕು, 70ರಿಂದ 200 ಎಂಎಂ ಟೆಲಿ ಲೆನ್ಸ್ (ದೂರದ್ದನ್ನ ದೊಡ್ಡದಾಗಿ ತೋರಿಸೋದು) ಹಾಕಿ ಹೂವಿನ ಪಟ್ಟಿಗಳನ್ನೇ ವಿಷಯ ಮಾಡ್ಬೇಕು. ನಾನಂತೂ ಹೂ ಎಲ್ಲಿ ಮುಗಿಯುತ್ತೆ ಅಂತ ಮೊದಲು ನೋಡ್ತೀನಿ. ಹೂವಿನ ಗುಂಪಿಗೆ ಒಂದು ಅಂಚು ಇರುತ್ತಲ್ಲ, ಆ ಅಂಚು ಫ್ರೇಮಿನ ಒಳಗೆ ಬಂದ್ರೆ ಅದಕ್ಕೆ ಆಕಾರ ಬರುತ್ತೆ, ಅಂಚೇ ಇಲ್ದೆ ನಾಲ್ಕೂ ಕಡೆ ಹೂ ತುಂಬಿದ್ರೆ ಅದು ಬಟ್ಟೆ ಪ್ರಿಂಟ್ ಥರ.

ಬೆಳಕಿಂಡಿ:
ಅಂಚಿನ ಮಾತು ನೂರಕ್ಕೆ ನೂರು ನಿಜ, ಅದನ್ನ ನಾನು ಹೇಳೇ ಇರ್ಲಿಲ್ಲ. ದೂರದಿಂದ ತೆಗೆದಾಗಲೂ ಲೆಕ್ಕ ಅದೇ ನೋಡಿ, ದೂರ ಹೋದಷ್ಟು ನೋಟ ನೆಲಕ್ಕೆ ಸವರಿಕೊಂಡು ಹೋಗುತ್ತೆ, ಸಾಲು ಸಾಲು ಒಂದರ ಮೇಲೊಂದು ಕೂರುತ್ತೆ. ಟೆಲಿ ಲೆನ್ಸು ಒತ್ತಿ ಹಿಡಿಯುತ್ತೆ ಅಂತೀವಲ್ಲ, ಅದು ಲೆನ್ಸಿನ ಕೆಲಸ ಅಲ್ಲ, ದೂರದ ಕೆಲಸ, ಲೆನ್ಸು ಅದನ್ನ ದೊಡ್ಡದು ಮಾಡಿ ತೋರಿಸುತ್ತೆ ಅಷ್ಟೇ. ಆದ್ರೆ ಹೂವಿನ ಪಟ್ಟಿ ಎಲ್ಲೋ ಒಂದು ಕಡೆಗೆ ಕಣ್ಣನ್ನ ಕರ್ಕೊಂಡು ಹೋಗ್ಬೇಕು. ಕೆಳಗಿನ ಮೂಲೆಯಿಂದ ಶುರುವಾಗಿ ಒಳಗೆ ಹೋಗೋ ಪಟ್ಟಿ ಚೆನ್ನ. ಪಕ್ಕದ ಅಂಚಿಗೆ ಹೋಗಿ ಹೊರಗೆ ಬಿದ್ರೆ ನೋಡೋರೂ ಅದರ ಜೊತೆನೇ ಹೊರಗೆ ಹೋಗ್ತಾರೆ.

ಇನ್ನೊಂದು, ಆಕಾಶ. ಫೋಟೋ ಒಂದರಲ್ಲಿ ಮೇಲಿನ ಮೂರನೇ ಒಂದು ಭಾಗ ಬೆಳ್ಳಗೆ ಖಾಲಿ. ಫ್ರೇಮಿನಲ್ಲಿ ಅತಿ ಬೆಳ್ಳಗಿರೋದು ಯಾವುದೋ ಕಣ್ಣು ಮೊದಲು ಅಲ್ಲಿಗೇ ಹೋಗುತ್ತೆ. ಮೋಡ ಮುಚ್ಚಿದ ದಿನ ಹೂವಿಗೆ ಹದವಾದ ಬೆಳಕು, ಆಕಾಶಕ್ಕೆ ಏನೂ ಇಲ್ಲ, ಅಂಥ ದಿನ ಆಕಾಶನ ಫ್ರೇಮಿಂದ ಪೂರ್ತಿ ತೆಗೆದುಬಿಡಿ. ಲ್ಯಾಂಡ್‌ಸ್ಕೇಪ್ ಅಂದ ತಕ್ಷಣ ಆಕಾಶ ಇರ್ಲೇಬೇಕು ಅಂತ ಏನಿಲ್ಲ.

ಮಸೂರ:
ಕೆಳಗೆ ಕೂತು ತೆಗೆಯೋರಿಗೆ ಫೋಕಸ್ ಬಗ್ಗೆ ಸ್ವಲ್ಪ ಹೇಳ್ತೀನಿ, ಯಾಕಂದ್ರೆ ಮುಂದಿನ ಹೂ ಶಾರ್ಪ್ ಆಗಿ ಬೆಟ್ಟ ಮಸುಕಾಗೋದು ಇಲ್ಲಾ ಉಲ್ಟಾ ಆಗೋದು ಇಲ್ಲೇ. ಫುಲ್ ಫ್ರೇಮ್ (ದೊಡ್ಡ ಸೆನ್ಸರಿನ) ಕ್ಯಾಮೆರಾ, 16 ಎಂಎಂ, ಎಫ್ 11 (ಲೆನ್ಸಿನ ಕಿಂಡಿಯ ಅಳತೆ, ನಂಬರ್ ದೊಡ್ಡದಾದಷ್ಟು ಕಿಂಡಿ ಸಣ್ಣದು) ಇದ್ರೆ ಸುಮಾರು 0.8 ಮೀಟರ್‌ಗೆ ಫೋಕಸ್ ಮಾಡಿ, 0.4 ಮೀಟರ್‌ನಿಂದ ಹಿಡಿದು ಬೆಟ್ಟದವರೆಗೂ ಒಪ್ಪೋ ಮಟ್ಟಕ್ಕೆ ಶಾರ್ಪ್ ಇರುತ್ತೆ. 24 ಎಂಎಂಗೆ ಅದೇ ಎಫ್ 11ನಲ್ಲಿ ಸುಮಾರು 1.8 ಮೀಟರ್‌ಗೆ ಫೋಕಸ್, ಹತ್ತಿರದ ಮಿತಿ 0.9 ಮೀಟರ್. ಎಫ್ 22ಕ್ಕೆ ಹೋದ್ರೆ ಡೆಪ್ತ್ (ಶಾರ್ಪ್ ಇರೋ ಆಳ) ಸಿಗುತ್ತೆ ನಿಜ, ಆದ್ರೆ ಸಣ್ಣ ಕಿಂಡಿಯಲ್ಲಿ ಬೆಳಕು ಹರಡಿಕೊಳ್ಳೋ ಡಿಫ್ರಾಕ್ಷನ್‌ನಿಂದ ಇಡೀ ಫೋಟೋನೇ ಸ್ವಲ್ಪ ಮೆತ್ತಗಾಗುತ್ತೆ. ಫೋಕಸ್ ಸ್ಟ್ಯಾಕಿಂಗ್ (ಬೇರೆ ಬೇರೆ ದೂರಕ್ಕೆ ಫೋಕಸ್ ಮಾಡಿದ ಫೋಟೋಗಳನ್ನ ಒಂದಾಗಿ ಸೇರಿಸೋದು) ಮಾಡ್ಬಹುದು, ಆದ್ರೆ ಗಾಳಿ ಇದ್ರೆ ಆ ಆಸೆ ಬಿಟ್ಬಿಡಿ, ಪ್ರತಿ ಫ್ರೇಮಿನಲ್ಲೂ ಹೂ ಬೇರೆ ಕಡೆ ಇರುತ್ತೆ, ಸಾಫ್ಟ್‌ವೇರ್ ಎಸಳಿಗೆ ಎಸಳು ಅಂಟಿಸಿಬಿಡುತ್ತೆ.

ಗಾಳಿ ಇದ್ದಾಗ ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಏರಿಸಿ ಶಟರ್ ಸ್ಪೀಡು 1/250 ಅಥವಾ ಅದಕ್ಕೂ ಮೇಲೆ ಇಡಿ. ಉದ್ದ ಕಾಂಡದ ಹೂ ಆದ್ರೆ ಅದೂ ಸಾಲಲ್ಲ. ಸೂರ್ಯ ಹುಟ್ಟೋ ಹೊತ್ತಲ್ಲಿ ಸಾಮಾನ್ಯವಾಗಿ ಗಾಳಿ ಕಮ್ಮಿ, ಬೆಳಕು ಒಂದೇ ಕಾರಣಕ್ಕಲ್ಲ ಬೆಳಿಗ್ಗೆ ಹೋಗಿ ಅನ್ನೋದು. ಆದ್ರೆ ಕೆಲವು ಹೂ ಬೆಳಿಗ್ಗೆ ಅರಳೇ ಇರಲ್ಲ, ಬಿಸಿಲು ಬಿದ್ಮೇಲೆ ಬಿಚ್ಕೊಳ್ಳುತ್ತೆ, ಅದನ್ನ ನೋಡ್ಕೊಂಡು ಹೋಗಿ.

ಹುಲ್ಲುಹಾದಿ:
ತುಂಬಾ ಥ್ಯಾಂಕ್ಸ್ ಎಲ್ಲರಿಗೂ, ಎದುರಿಗೆ ಏರೋ ಇಳಿಜಾರು, ಆಚೆಗೆ ಇಳಿಯೋ ಇಳಿಜಾರಿನ ವಿಷಯ ನಾನು ಎಲ್ಲೂ ಓದಿರ್ಲಿಲ್ಲ. ಈಗ ಬಣ್ಣಕ್ಕೆ ಬರೋಣ. ನೇರಳೆ ಯಾಕೆ ನೀಲಿ ಆಯ್ತು? ವೈಟ್ ಬ್ಯಾಲೆನ್ಸ್ (ಬೆಳಕಿನ ಛಾಯೆಗೆ ತಕ್ಕ ಹಾಗೆ ಬಣ್ಣ ಸರಿದೂಗಿಸೋದು) ಆಟೋದಲ್ಲಿತ್ತು, ರಾ ಫೈಲ್ (ಕ್ಯಾಮೆರಾ ಹದ ಮಾಡದೆ ಇಟ್ಟ ಮೂಲ ಫೈಲ್) ಇದೆ.

ಕತ್ತಲೆಕೋಣೆ:
ಫಿಲ್ಮ್ ಕಾಲದಿಂದ ಈ ನೇರಳೆ ಜೊತೆ ಗುದ್ದಾಡ್ತಾ ಬಂದವನು ನಾನು, ಹಾಗಾಗಿ ಸ್ವಲ್ಪ ಉದ್ದ ಬರೀತೀನಿ. ಕಲರ್ ಫಿಲ್ಮ್‌ನಲ್ಲಿ ಉಲ್ಟಾ ಆಗ್ತಿತ್ತು, ನೀಲಿ ಹೂ ಗುಲಾಬಿಯಾಗಿ ಬರ್ತಿತ್ತು. ಅದಕ್ಕೆ ಅಜೆರಾಟಮ್ ಎಫೆಕ್ಟ್ ಅಂತಲೇ ಹೆಸರು, ಅಜೆರಾಟಮ್ ಅನ್ನೋ ನೀಲಿ ಹೂವಿನಿಂದ ಬಂದಿದ್ದು. ಆ ಥರದ ಹೂಗಳು ನೀಲಿ ಬೆಳಕಿನ ಜೊತೆ ನಮ್ಮ ಕಣ್ಣಿಗೆ ಹೆಚ್ಚೂಕಮ್ಮಿ ಕಾಣದೇ ಇರೋ ಗಾಢ ಕೆಂಪು, ಇನ್‌ಫ್ರಾರೆಡ್ ಅಂಚಿನ ಬೆಳಕನ್ನೂ ಜೋರಾಗಿ ಪ್ರತಿಫಲಿಸುತ್ತೆ. ನಾವು ನೋಡಲ್ಲ, ಫಿಲ್ಮಿನ ಕೆಂಪು ಪದರ ನೋಡುತ್ತೆ. ಯಾವ ಫಿಲ್ಟರ್ ಹಾಕಿದ್ರೂ ಪೂರ್ತಿ ಸರಿಹೋಗ್ತಿರ್ಲಿಲ್ಲ, ಹೂ ಸರಿಮಾಡೋಕೆ ಹೋದ್ರೆ ಹುಲ್ಲು ಕೆಡ್ತಿತ್ತು.

ಡಿಜಿಟಲ್‌ನಲ್ಲಿ ಸೆನ್ಸರ್ ಮುಂದೆ ಇನ್‌ಫ್ರಾರೆಡ್ ತಡೆಯೋ ಗಾಜು ಇರುತ್ತೆ, ಆ ಕಾಟ ಕಮ್ಮಿ. ಆದ್ರೆ ಬೇರೆ ಕಾಟ ಇದೆ. ನೇರಳೆ ಅಂದ್ರೆ ಫೈಲಿನಲ್ಲಿ ನೀಲಿ ಜಾಸ್ತಿ, ಜೊತೆಗೆ ಸ್ವಲ್ಪ ಕೆಂಪು. ಆ ಸ್ವಲ್ಪ ಕೆಂಪಿನ ಮೇಲೇ ಎಲ್ಲ ನಿಂತಿರೋದು. ಅದು ಒಂಚೂರು ಕಮ್ಮಿಯಾದ್ರೂ ನೀಲಿ, ಒಂಚೂರು ಜಾಸ್ತಿಯಾದ್ರೆ ಗುಲಾಬಿ. ಕ್ಯಾಮೆರಾದಿಂದ ಕ್ಯಾಮೆರಾಗೆ, ಪ್ರೊಫೈಲಿಂದ ಪ್ರೊಫೈಲಿಗೆ (ರಾ ಫೈಲಿನ ಬಣ್ಣ ಹೇಗೆ ತೋರಿಸ್ಬೇಕು ಅನ್ನೋ ಸೆಟ್ಟಿಂಗ್) ಆ ಪಾಲು ಬದಲಾಗುತ್ತೆ. ಹಾಗಾಗಿ ರಾ ತೆರೆದ ಕೂಡಲೇ ಮೊದಲು ಕ್ಯಾಮೆರಾ ಪ್ರೊಫೈಲ್ ಬದಲಾಯಿಸಿ ನೋಡಿ, ಸ್ಲೈಡರ್ ಮುಟ್ಟೋಕೆ ಮುಂಚೆ. ಎಷ್ಟೋ ಸಲ ವಿವಿಡ್‌ನಿಂದ ನ್ಯೂಟ್ರಲ್‌ಗೆ ಬಂದ್ರೇ ಅರ್ಧ ಸರಿಹೋಗಿರುತ್ತೆ.

ಎರಡನೇದು ಬೆಳಕು. ಫೋಟೋ ಒಂದರಲ್ಲಿ ಬಲಗಡೆ ಬಿಸಿಲು, ಎಡಗಡೆ ಬಂಡೆ ನೆರಳು. ಬಿಸಿಲಿಗೆ ಸುಮಾರು 5200ರಿಂದ 5500 ಕೆಲ್ವಿನ್ (ವೈಟ್ ಬ್ಯಾಲೆನ್ಸ್‌ನ ಅಳತೆ) ಸರಿಹೊಂದುತ್ತೆ, ನೆರಳಿಗೆ ಬೆಳಕು ಬರೋದು ನೀಲಿ ಆಕಾಶದಿಂದ, ಅಲ್ಲಿ 7000-8000 ಬೇಕಾಗುತ್ತೆ. ಒಂದೇ ಫ್ರೇಮಿನಲ್ಲಿ ಎರಡು ಬೆಳಕು. ನಿಮ್ಮ ಹೂ ಹೆಚ್ಚು ಇರೋದು ನೆರಳಿನ ಕಡೆ, ವೈಟ್ ಬ್ಯಾಲೆನ್ಸ್ ಕೂತಿರೋದು ಬಿಸಿಲಿಗೆ. ನೇರಳೆ ನೀಲಿ ಆಗದೆ ಇನ್ನೇನಾಗುತ್ತೆ. ನೆರಳಿನ ಭಾಗಕ್ಕೆ ಮಾತ್ರ ಒಂದು ಮಾಸ್ಕ್ (ಎಡಿಟ್ ಆ ಭಾಗಕ್ಕಷ್ಟೇ ತಗಲೋ ಹಾಗೆ ಮಾಡೋದು) ಹಾಕಿ ಟೆಂಪರೇಚರ್ ಸ್ವಲ್ಪ ಬೆಚ್ಚಗೆ ಮಾಡಿ. ಪೂರ್ತಿ ಬೆಚ್ಚಗೆ ಮಾಡ್ಬೇಡಿ, ನೆರಳು ಸ್ವಲ್ಪ ತಣ್ಣಗೇ ಇರ್ಬೇಕು, ಇಲ್ದಿದ್ರೆ ಅದು ನೆರಳು ಅಂತ ಅನ್ಸೋದೇ ಇಲ್ಲ.

ಮೂರನೇದು ಆಟೋ ವೈಟ್ ಬ್ಯಾಲೆನ್ಸ್. ಫ್ರೇಮ್ ತುಂಬ ಹಸಿರಿದ್ರೆ ಬೆಳಕೇ ಹಸಿರಾಗಿದೆ ಅಂತ ಎಷ್ಟೋ ಕ್ಯಾಮೆರಾ ಮೋಸಹೋಗಿ ಮಜೆಂಟಾ ಸೇರಿಸುತ್ತೆ. ಆಗ ಹುಲ್ಲು ಜೀವ ಕಳ್ಕೊಂಡು ಕಂದಾಗುತ್ತೆ, ಬಿಳಿ ಹೂ ಗುಲಾಬಿ ಛಾಯೆಗೆ ಬರುತ್ತೆ. ಸ್ವಲ್ಪ ಫ್ರೇಮ್ ಬದಲಾಯಿಸಿದ್ರೆ ಮತ್ತೆ ಬೇರೆ. ಹೂವಿನ ಬಯಲಲ್ಲಿ ಡೇಲೈಟ್‌ಗೆ ಲಾಕ್ ಮಾಡಿ ತೆಗೀರಿ, ಆಮೇಲೆ ಎಲ್ಲವನ್ನೂ ಒಟ್ಟಿಗೆ ಸರಿಮಾಡ್ಬಹುದು. ಗ್ರೇ ಕಾರ್ಡ್ (ವೈಟ್ ಬ್ಯಾಲೆನ್ಸ್ ಸರಿಮಾಡೋಕೆ ಬಳಸೋ ಬೂದು ಕಾರ್ಡು) ಇದ್ರೆ ಹೂವಿನ ಪಕ್ಕ, ಅದೇ ಬೆಳಕಲ್ಲಿ ಹಿಡಿದು ಒಂದು ತೆಗೆದಿಟ್ಕೊಳ್ಳಿ.

ಮಂಜುಹನಿ:
ಹಳದಿ ಹೂವಿನ ಬಗ್ಗೆ ನಾನು ಹೇಳ್ತೀನಿ ಮೇಡಂ. ಹುಲ್ಲುಹಾದಿ ಅವರೇ, ಮೇಡಂ ಅಂದಿದ್ದು ಸರಿ ತಾನೇ?

ನೀವು ಕ್ಯಾಮೆರಾದಲ್ಲಿ ನೋಡಿರೋ ಹಿಸ್ಟೋಗ್ರಾಮ್ (ಕತ್ತಲಿಂದ ಬೆಳಕಿನವರೆಗೆ ಯಾವುದು ಎಷ್ಟಿದೆ ಅಂತ ತೋರಿಸೋ ಗ್ರಾಫ್) ಬಹುಶಃ ಬಿಳಿ ಬಣ್ಣದ್ದು, ಒಂದೇ ಗುಡ್ಡ ಇರೋದು. ಅದು ಬಹುತೇಕ ಎಲ್ಲ ಬಣ್ಣ ಸೇರಿಸಿ ಒಟ್ಟು ಬೆಳಕು ಎಷ್ಟು ಅಂತ ತೋರಿಸುತ್ತೆ. ಫೈಲಿನಲ್ಲಿ ಕೆಂಪು, ಹಸಿರು, ನೀಲಿ ಅಂತ ಮೂರು ಚಾನೆಲ್ ಇರುತ್ತೆ. ಹಳದಿ ಅಂದ್ರೆ ಕೆಂಪು ಚಾನೆಲ್ಲೂ ಹಸಿರು ಚಾನೆಲ್ಲೂ ತುಂಬಿರೋದು, ನೀಲಿ ಖಾಲಿ. ಒಟ್ಟು ಹಿಸ್ಟೋಗ್ರಾಮ್ ನೋಡಿದ್ರೆ ಇನ್ನೂ ಜಾಗ ಇದೆ ಅನ್ಸುತ್ತೆ, ಅಷ್ಟರಲ್ಲಿ ಕೆಂಪು ಚಾನೆಲ್ ತುಂಬಿ ಗೋಡೆಗೆ ಬಡಿದಿರುತ್ತೆ. ತುಂಬಿದ ಮೇಲೆ ಎಸಳಿನ ಗೆರೆ, ನೆರಳು, ಮಡಿಕೆ ಎಲ್ಲಕ್ಕೂ ಒಂದೇ ನಂಬರ್, ಗರಿಷ್ಠ ಮಟ್ಟದ 255. ಅದಕ್ಕೇ ಪೇಂಟ್ ಬಳಿದ ಹಾಗೆ. ಕೆಂಪು, ಕಿತ್ತಳೆ ಹೂವಿಗೂ ಇದೇ ಕಥೆ.

ಕ್ಯಾಮೆರಾದಲ್ಲಿ ಆರ್‌ಜಿಬಿ ಹಿಸ್ಟೋಗ್ರಾಮ್ ಆನ್ ಮಾಡಿ ಮೂರು ಗುಡ್ಡನೂ ಬೇರೆ ಬೇರೆ ನೋಡಿ, ಯಾವುದು ಮೊದಲು ಬಲಗೋಡೆ ಮುಟ್ಟುತ್ತೋ ಅದಕ್ಕೆ ತಕ್ಕ ಹಾಗೆ ಎಕ್ಸ್‌ಪೋಷರ್ (ಒಳಗೆ ಬಿಡೋ ಬೆಳಕು) ಇಳಿಸಿ. ಹಳದಿ ಹೂವಿಗೆ ಮುಕ್ಕಾಲು ಸ್ಟಾಪ್, ಒಂದು ಸ್ಟಾಪ್ (ಒಂದು ಸ್ಟಾಪ್ ಇಳಿಸಿದ್ರೆ ಬೆಳಕು ಅರ್ಧ) ಇಳಿಸೋದು ಸಾಮಾನ್ಯ. ಕತ್ತಲೆ ಆಯ್ತಲ್ಲ ಅಂತ ಹೆದರ್ಬೇಡಿ, ಹುಲ್ಲನ್ನ ಆಮೇಲೆ ಎತ್ತಬಹುದು. ಜೆಪೆಗ್‌ನಲ್ಲಿ ಒಂದು ಚಾನೆಲ್‌ಗೆ 256 ಹಂತ, 14 ಬಿಟ್ ರಾದಲ್ಲಿ 16384 ಹಂತ, ಎತ್ತೋಕೆ ಜಾಗ ಬೇಕಾದಷ್ಟಿದೆ. ಫೋಟೋ ಎರಡು ರಾ ಇದ್ರೆ ಹೈಲೈಟ್ ಇಳಿಸೋದಕ್ಕಿಂತ ಮೊದಲು ಹಳದಿ ಬಣ್ಣದ ಸ್ಯಾಚುರೇಷನ್ ಇಳಿಸಿ ನೋಡಿ, ಗೆರೆ ವಾಪಸ್ ಬರ್ಬಹುದು. ಎಷ್ಟೋ ಸಲ ರಾದಲ್ಲಿ ಮಾಹಿತಿ ಇರುತ್ತೆ, ಎಡಿಟರ್ ಅದನ್ನ ಸಣ್ಣ ಕಲರ್ ಸ್ಪೇಸ್‌ಗೆ (ಫೈಲು ತೋರಿಸಬಲ್ಲ ಬಣ್ಣಗಳ ವ್ಯಾಪ್ತಿ) ತುರುಕುವಾಗ ಕತ್ತರಿಸಿರುತ್ತೆ.

ಹುಲ್ಲುಹಾದಿ:
ಹೌದು ಮೇಡಂ ಅಂದಿದ್ದು ಸರಿ :) ಹಳದಿ ಸ್ಯಾಚುರೇಷನ್ ಇಳಿಸಿದ್ರೆ ನಿಜಕ್ಕೂ ಎಸಳು ಕಾಣ್ತಿದೆ! ಬಣ್ಣ ಇಳಿಸಿದ್ರೆ ಹೂ ಚೆನ್ನಾಗಿ ಕಾಣುತ್ತೆ ಅನ್ನೋದು ನಂಬೋಕೇ ಆಗ್ತಿಲ್ಲ.

ಬೆಳಕಿಂಡಿ:
ಈಗ ನಾನು ಶುರುವಲ್ಲಿ ಹೇಳಿದ ಮಾತಿಗೆ ವಾಪಸ್ ಬರ್ತೀನಿ, ಎರಡೂ ಒಂದೇ ಪ್ರಶ್ನೆ ಅಂದಿದ್ದು. ಬಣ್ಣ ಹೇಗೆ ಕಾಣುತ್ತೆ ಅನ್ನೋದು ಪಕ್ಕದಲ್ಲಿ ಏನಿದೆ ಅನ್ನೋದರ ಮೇಲೆ ನಿಂತಿದೆ. ಇದು ಹಳೇ ವಿಷಯ. ಫ್ರಾನ್ಸ್‌ನಲ್ಲಿ ಗೊಬೆಲಿನ್ ಅಂತ ನೇಯ್ಗೆ ಕಾರ್ಖಾನೆ, ಅಲ್ಲಿ ಬಣ್ಣ ಹಾಕೋ ವಿಭಾಗಕ್ಕೆ 1824ರಲ್ಲಿ ಶೆವ್ರಲ್ ಅನ್ನೋ ರಸಾಯನಶಾಸ್ತ್ರಜ್ಞರು ಮುಖ್ಯಸ್ಥರಾಗಿ ಬಂದ್ರು. ಕಪ್ಪು ದಾರ ಕಪ್ಪಗಿಲ್ಲ ಅಂತ ದೂರು ಬಂದಿತ್ತು. ಪರೀಕ್ಷೆ ಮಾಡಿ ನೋಡಿದ್ರೆ ಬಣ್ಣದಲ್ಲಿ ದೋಷನೇ ಇಲ್ಲ, ಪಕ್ಕದಲ್ಲಿದ್ದ ನೀಲಿ, ನೇರಳೆ ದಾರದಿಂದ ಕಪ್ಪು ಸಪ್ಪೆಯಾಗಿ ಕಾಣ್ತಿತ್ತು. ಹೂವಿನ ಫೋಟೋದಲ್ಲಿ ದಿನಾ ನಡೆಯೋದು ಇದೇ. ಹುಲ್ಲು ಹಳದಿ ಕಡೆಗಿನ ಹಸಿರಾಗಿದ್ರೆ ನೇರಳೆ ಎದ್ದು ಕಾಣುತ್ತೆ, ಯಾಕಂದ್ರೆ ಅವೆರಡೂ ವಿರುದ್ಧ ಬಣ್ಣ. ಅದೇ ಹುಲ್ಲು ನೆರಳಲ್ಲಿ ನೀಲಿ ಕಡೆಗಿನ ಹಸಿರಾದ್ರೆ ನೇರಳೆ ಅದರಲ್ಲಿ ಕರಗಿಹೋಗುತ್ತೆ. ಹೂವನ್ನ ಮುಟ್ಟಲೇಬೇಡಿ, ಬರೀ ಹಸಿರಿನ ಹ್ಯೂ (ಬಣ್ಣದ ಛಾಯೆ) ಒಂದಷ್ಟು ಹಳದಿ ಕಡೆ ಸರಿಸಿ, ಅದರ ಸ್ಯಾಚುರೇಷನ್ ಇಳಿಸಿ, ಲ್ಯೂಮಿನೆನ್ಸ್ (ಬಣ್ಣದ ಪ್ರಕಾಶ) ಸ್ವಲ್ಪ ಇಳಿಸಿ. ಹೂ ತಾನೇ ಮುಂದೆ ಬರುತ್ತೆ.

ಇಲ್ಲಿ ಒಂದು ಎಚ್ಚರಿಕೆ. ಹುಲ್ಲು ನಮ್ಮ ಕಣ್ಣಿಗೆ ಹಸಿರು, ಆದ್ರೆ ಫೈಲಿನಲ್ಲಿ ಅದರ ದೊಡ್ಡ ಪಾಲು ಹಳದಿ. ಹಸಿರು ಸ್ಲೈಡರ್ ಎಳೆದ್ರೆ ಎಲೆ ಅಷ್ಟಾಗಿ ಅಲ್ಲಾಡಲ್ಲ, ಹಳದಿ ಸ್ಲೈಡರ್ ಎಳೆದಾಗ ಇಡೀ ಬಯಲೇ ಬದಲಾಗುತ್ತೆ. ಹಳದಿ ಹೂ ಇರೋ ಫೋಟೋದಲ್ಲಿ ಅದಕ್ಕೇ ಕಷ್ಟ, ಹೂವೂ ಹುಲ್ಲೂ ಒಂದೇ ಸ್ಲೈಡರಲ್ಲಿ ಸಿಕ್ಕಿಹಾಕ್ಕೊಂಡಿರುತ್ತೆ, ಮಾಸ್ಕ್ ಇಲ್ದೆ ಆಗಲ್ಲ.

ಮತ್ತೆ ಜಾಗದಲ್ಲೇ ಮಾಡೋದಾದ್ರೆ ಪೋಲರೈಸರ್, ಅಂದ್ರೆ ಲೆನ್ಸ್ ಮುಂದೆ ಹಾಕಿ ತಿರುಗಿಸೋ ಫಿಲ್ಟರ್. ಎಲ್ಲರೂ ಅದನ್ನ ನೀಲಿ ಆಕಾಶಕ್ಕೆ ಅಂತ ಇಟ್ಕೊಂಡಿರ್ತಾರೆ. ಹೂವಿನ ಬಯಲಲ್ಲಿ ಅದರ ನಿಜವಾದ ಕೆಲಸ ಎಲೆ ಮೇಲಿನ ಹೊಳಪು ತೆಗೆಯೋದು. ಎಲೆ ಮೇಲೆ ಆಕಾಶದ ಬಿಳಿ ಹೊಳಪು ಕೂತಿರುತ್ತೆ, ಸಾವಿರಾರು ಬಿಳಿ ಚೂರು, ಹೂವಿನ ಜೊತೆ ಅವೂ ಪೈಪೋಟಿಗೆ ನಿಲ್ಲುತ್ತೆ. ಪೋಲರೈಸರ್ ನಿಧಾನವಾಗಿ ತಿರುಗಿಸ್ತಾ ಹೋಗಿ, ಒಂದು ಹಂತದಲ್ಲಿ ಹೊಳಪು ಆರಿ ಎಲೆಯ ಒಳಗಿನ ಹಸಿರು ಗಾಢವಾಗಿ ಎದ್ದು ಬರುತ್ತೆ, ಹೂ ಒಂದೇ ಉಳಿಯುತ್ತೆ. ಮೋಡದ ದಿನವೂ ಕೆಲಸ ಮಾಡುತ್ತೆ, ಮಳೆ ನಿಂತ ಮೇಲಂತೂ ಕೇಳೋದೇ ಬೇಡ. ಒಂದರಿಂದ ಎರಡು ಸ್ಟಾಪ್ ಬೆಳಕು ತಿನ್ನುತ್ತೆ, ಗಾಳಿ ಇದ್ರೆ ಮಸೂರ ಸರ್ ಹೇಳಿದ ಶಟರ್ ಸ್ಪೀಡ್ ನೆನಪಿರ್ಲಿ. 16 ಎಂಎಂ ಥರದ ವೈಡ್‌ನಲ್ಲಿ ಆಕಾಶ ಇದ್ರೆ ಮಾತ್ರ ಬೇಡ, ಆಕಾಶದಲ್ಲಿ ಒಂದು ಕಡೆ ಕಡುನೀಲಿ ಪಟ್ಟೆ ಬಂದುಬಿಡುತ್ತೆ.

ದಿಬ್ಬದಾಚೆ:
ಬಣ್ಣದ ಪಾಲಿನ ಬಗ್ಗೆ ಜರ್ಮನ್ ಕವಿ ಗಯಟೆ ಹೆಸರಲ್ಲಿ ಒಂದು ಲೆಕ್ಕ ಹೇಳ್ತಾರಲ್ಲ, ಹಳದಿ 9, ಕಿತ್ತಳೆ 8, ಕೆಂಪು 6, ಹಸಿರು 6, ನೀಲಿ 4, ನೇರಳೆ 3 ಅಂತ. ನಂಬರ್ ದೊಡ್ಡದಾದಷ್ಟು ಬಣ್ಣ ಪ್ರಖರ, ಹಾಗಾಗಿ ಅದಕ್ಕೆ ಕಮ್ಮಿ ಜಾಗ ಕೊಡ್ಬೇಕು. ಹಳದಿಗೆ ಒಂದು ಪಾಲು ಅಂದ್ರೆ ನೇರಳೆಗೆ ಮೂರು ಪಾಲು, ಕೆಂಪು ಹಸಿರು ಸಮಸಮ. ಆ ಲೆಕ್ಕದಲ್ಲಿ ನೇರಳೆ ಹೂ ಹಸಿರಿನ ಎರಡರಷ್ಟು ಜಾಗ ತಗೋಬೇಕು, ಹಳದಿ ಹೂ ಸ್ವಲ್ಪ ಇದ್ರೂ ಸಾಕು. ಇದನ್ನ ಯಾರಾದ್ರೂ ಪಾಲಿಸ್ತೀರಾ? ನನಗಂತೂ ಇದರಲ್ಲಿ ಪೂರ್ತಿ ನಂಬಿಕೆ ಇಲ್ಲ, ಬಯಲು ಹಸಿರಿನ ತುಂಬ ಒಂದೇ ಒಂದು ಕೆಂಪು ಹೂ ಇಟ್ಟ ಫೋಟೋ ಎಷ್ಟು ಗಟ್ಟಿಯಾಗಿ ನಿಲ್ಲುತ್ತೆ, ಅಲ್ಲಿ ಸಮಸಮ ಎಲ್ಲಿದೆ?

ಬೆಳಕಿಂಡಿ:
ಅಳತೆ ಪಟ್ಟಿ ಇಟ್ಕೊಂಡು ಯಾರೂ ತೆಗೆಯಲ್ಲ ಬಿಡಿ. ಆದ್ರೆ ಅದು ಹೇಳೋ ದಿಕ್ಕು ಸರಿ ಇದೆ. ನೇರಳೆ, ನೀಲಿ ಮೆತ್ತಗಿನ ಬಣ್ಣ, ಅವಕ್ಕೆ ಗುಂಪು ಬೇಕು. ಹಳದಿ ಒಂದೆರಡು ಇದ್ರೂ ಕೂಗಿ ಹೇಳುತ್ತೆ. ಹುಲ್ಲುಹಾದಿ ಮೇಡಂ ಎರಡು ಫೋಟೋನೇ ನೋಡಿ, ಒಂದರಲ್ಲಿ ನೇರಳೆ ಕಮ್ಮಿ ಬಿದ್ದು ಸೋತಿದೆ, ಇನ್ನೊಂದರಲ್ಲಿ ಹಳದಿ ಜಾಸ್ತಿಯಾಗಿ ಹಿಂದಿನ ಕಣಿವೆನೇ ನುಂಗಿದೆ. ಎರಡನೇದರಲ್ಲಿ ಮುಂದಿನ ಗೊಂಚಲನ್ನ ಫ್ರೇಮಿನ ಕೆಳಗಿನ ಕಾಲು ಭಾಗಕ್ಕೆ ಇಳಿಸಿದ್ದಿದ್ರೆ ಕಣಿವೆಯ ಮಬ್ಬು ನೀಲಿಗೂ ಉಸಿರಾಡೋಕೆ ಜಾಗ ಸಿಗ್ತಿತ್ತು. ಒಂಟಿ ಕೆಂಪು ಹೂವಿನ ಮಾತು ಬೇರೆ. ಅಲ್ಲಿ ಫೋಟೋದ ವಿಷಯ ಅದರ ಒಂಟಿತನ, ಬಯಲಿನ ಬಣ್ಣ ಅಲ್ಲ.

ಕತ್ತಲೆಕೋಣೆ:
ಕೆಂಪು ಅಂದಿದ್ದಕ್ಕೆ ಒಂದು ಮಾತು. ಸಂಜೆ ಬೆಳಕು ಇಳೀತಾ ಹೋದ ಹಾಗೆ ಕೆಂಪು ಹೂ ಎಲೆಗಿಂತ ಬೇಗ ಕಪ್ಪಾಗೋದನ್ನ ಗಮನಿಸಿದೀರಾ? 19ನೇ ಶತಮಾನದ ಶುರುವಲ್ಲಿ ಪುರ್ಕಿನ್ಯೆ ಅನ್ನೋ ಚೆಕ್ ವಿಜ್ಞಾನಿ ಇದನ್ನ ವಿವರಿಸಿದ್ರು. ಬೆಳಕಿದ್ದಾಗ ನಮ್ಮ ಕಣ್ಣು 555 ನ್ಯಾನೋಮೀಟರ್ ಸುತ್ತಮುತ್ತ, ಅಂದ್ರೆ ಹಳದಿ ಮಿಶ್ರಿತ ಹಸಿರಿಗೆ, ಅತಿ ಚುರುಕು. ಕತ್ತಲಾದಾಗ ಅದು 507ರ ಕಡೆ, ನೀಲಿ ಬದಿಗೆ ಸರಿಯುತ್ತೆ. ಕೆಂಪು ಸಾಯುತ್ತೆ, ನೀಲಿ ನೇರಳೆ ಹೊಳೆಯುತ್ತೆ. ಕ್ಯಾಮೆರಾ ಹೀಗೆ ಸರಿಯಲ್ಲ. ಸಂಜೆ ಎಕ್ಸ್‌ಪೋಷರ್ ಉದ್ದ ಕೊಟ್ಟು ತೆಗೆದ ಕೆಂಪು ಹೂ ಫೋಟೋದಲ್ಲಿ ಹಗಲಿನ ಕೆಂಪೇ ಆಗಿ ಬರುತ್ತೆ, ನೋಡೋರಿಗೆ ಏನೋ ಸುಳ್ಳು ಅನ್ಸುತ್ತೆ, ಯಾಕೆ ಅಂತ ಹೇಳೋಕೆ ಬರಲ್ಲ. ಸಂಜೆ ಫೋಟೋದಲ್ಲಿ ನಾನು ಕೆಂಪಿನ ಲ್ಯೂಮಿನೆನ್ಸ್ ಇಳಿಸ್ತೀನಿ.

ಕಾಡುಮಲ್ಲಿಗೆ:
ನನ್ನ ಹತ್ರ ಮೊಬೈಲ್ ಒಂದೇ ಇರೋದು. ಇದೆಲ್ಲ ಅದರಲ್ಲಿ ಆಗುತ್ತಾ?

ಮಂಜುಹನಿ:
ಕಂಪೊಸಿಷನ್ ಅಷ್ಟೂ ಆಗುತ್ತೆ, ಕೆಳಗೆ ಇಳಿಸೋದಂತೂ ಮೊಬೈಲಲ್ಲೇ ಸುಲಭ. ತಲೆಕೆಳಗು ಹಿಡೀರಿ, ಲೆನ್ಸ್ ನೆಲದ ಕಡೆ ಬರುತ್ತೆ. ಬಣ್ಣಕ್ಕೆ, ಹೂವಿನ ಮೇಲೆ ಬೆರಳಿಟ್ಟು ಒತ್ತಿ ಹಿಡಿದು ಎಕ್ಸ್‌ಪೋಷರ್ ಲಾಕ್ ಮಾಡಿ, ಆಮೇಲೆ ಸ್ವಲ್ಪ ಕೆಳಗೆ ಎಳೀರಿ. ಎಚ್‌ಡಿಆರ್ ಆಫ್ ಮಾಡೋ ಆಯ್ಕೆ ಇದ್ರೆ ಗಾಳಿ ಇರೋವಾಗ ಮಾಡಿ, ಅದು ಹಲವು ಫ್ರೇಮ್ ಸೇರಿಸುತ್ತೆ, ಅಲ್ಲಾಡೋ ಎಸಳು ಹಿಟ್ಟಿನ ಥರ ಕಲೆಸಿಹೋಗುತ್ತೆ. ರಾ ಮೋಡ್ ಇದ್ರೆ ಅದರಲ್ಲಿ ತೆಗೀರಿ, ಇಲ್ಲ ಅಂದ್ರೆ ಹುಲ್ಲಿನ ಸ್ಯಾಚುರೇಷನ್‌ನ ಫೋನೇ ಏರಿಸಿರುತ್ತೆ, ಅದನ್ನ ಇಳಿಸೋದೇ ನಿಮ್ಮ ಮೊದಲ ಎಡಿಟ್.

ಮಸೂರ:
ಕೆಳಗೆ ಕೂರೋದು, ಮಲಗೋದು ಅಂತ ಎಲ್ಲ ಹೇಳ್ತಿದೀವಿ, ಆದ್ರೆ ದಾರಿ ಬಿಟ್ಟು ಹೂವಿನ ಒಳಗೆ ಹೋಗ್ಬೇಡಿ ದಯವಿಟ್ಟು. ತುಳಿದ ಗಿಡ ಆ ವರ್ಷ ಬೀಜ ಬಿಡಲ್ಲ, ಒಬ್ಬರು ಹೋದ ಜಾಡಲ್ಲಿ ಹತ್ತು ಜನ ಹೋಗ್ತಾರೆ. ದಾರಿ ಅಂಚಲ್ಲೇ ಕೂತು ಬಗ್ಗಿ ತೆಗೆಯೋಕೆ ಆಗದ ಫೋಟೋ ಬಿಟ್ಟುಬಿಡೋಣ.

ದಿಬ್ಬದಾಚೆ:
ನಾನು ದೂರದಿಂದ ಟೆಲಿ ಹಾಕಿ ಅನ್ನೋಕೆ ಅದೂ ಒಂದು ಕಾರಣ.

ಹುಲ್ಲುಹಾದಿ:
ಮತ್ತೆ ಹೋಗಿದ್ದೆ. ಮೂರನೇ ಫೋಟೋ ಹಾಕಿದೀನಿ. ದಾರಿ ತಿರುವಿನಲ್ಲಿ ಕೂತು, ಆಚೆಗೆ ಇಳಿಯೋ ಕಡೆ, 85 ಎಂಎಂ, ಎಫ್ 11, ಆಕಾಶ ಇಲ್ಲ, ಡೇಲೈಟ್ ಲಾಕ್, ಪೋಲರೈಸರ್ ಹಾಕಿ. ಮೋಡ ಇತ್ತು. ನೇರಳೆ ಪಟ್ಟಿ ಕೆಳಗಿನ ಎಡಮೂಲೆಯಿಂದ ಹೊರಟು ಆ ಬಂಡೆ ಹತ್ರ ತಿರುಗಿ ಮೇಲೆ ಹೋಗುತ್ತೆ. ಒಟ್ಟಾರೆ ಸ್ಯಾಚುರೇಷನ್ ಮುಟ್ಟೇ ಇಲ್ಲ, ಹಳದಿ ಸ್ಲೈಡರ್ ಮಾತ್ರ ಇಳಿಸಿದೀನಿ. ಒಂದೇ ತೊಂದರೆ, ಎಡಿಟ್ ಮಾಡೋವಾಗ ನೇರಳೆ ಸರಿ ಇತ್ತು, ಇಲ್ಲಿ ಹಾಕಿದ್ಮೇಲೆ ಮತ್ತೆ ಸಪ್ಪೆಯಾಗಿ ಕಾಣ್ತಿದೆ.

ಬೆಳಕಿಂಡಿ:
ಎಂಥಾ ವ್ಯತ್ಯಾಸ! ಆ ಬಂಡೆ ಪಕ್ಕ ಪಟ್ಟಿ ತೆಳ್ಳಗಾಗಿ ಮತ್ತೆ ಅಗಲ ಆಗೋದಿದೆಯಲ್ಲ, ಅಲ್ಲೇ ಫೋಟೋ ನಿಂತಿರೋದು. ಮೇಲಿನ ಅಂಚಿನಲ್ಲಿ ಬಲಗಡೆ ಒಂದು ಒಣಗಿದ ಹುಲ್ಲಿನ ತೇಪೆ ಇದೆ, ಬೆಳ್ಳಗೆ ಕಣ್ಣು ಎಳೀತಿದೆ, ಅಷ್ಟು ಮಾತ್ರ ಕ್ರಾಪ್ ಮಾಡಿ, ಇಲ್ಲ ಸ್ವಲ್ಪ ಕಪ್ಪು ಮಾಡಿ.

ಕತ್ತಲೆಕೋಣೆ:
ಸಪ್ಪೆಯಾಗಿದ್ದು ಕಲರ್ ಸ್ಪೇಸ್‌ನಿಂದ. ಫೈಲ್ ಮಾಹಿತಿ ನೋಡ್ದೆ, ಅಡೋಬಿ ಆರ್‌ಜಿಬಿ ಅನ್ನೋ ದೊಡ್ಡ ಕಲರ್ ಸ್ಪೇಸ್‌ನಲ್ಲಿ ಎಕ್ಸ್‌ಪೋರ್ಟ್ ಆಗಿದೆ. ಅಪ್‌ಲೋಡ್ ಆಗೋವಾಗ ಪ್ರೊಫೈಲ್ (ಯಾವ ಕಲರ್ ಸ್ಪೇಸ್ ಅಂತ ಹೇಳೋ ಗುರುತು) ಕಳಚಿಹೋದ್ರೆ ನೋಡೋರ ಸ್ಕ್ರೀನು ಅದನ್ನ ಎಸ್‌ಆರ್‌ಜಿಬಿ (ಆನ್‌ಲೈನ್‌ನ ಸಾಮಾನ್ಯ ಕಲರ್ ಸ್ಪೇಸ್) ಅಂತ ತಿಳ್ಕೊಂಡು ಓದುತ್ತೆ, ಬಣ್ಣ ಸೋರಿಹೋದ ಹಾಗೆ ಕಾಣುತ್ತೆ. ಆನ್‌ಲೈನ್‌ಗೆ ಎಸ್‌ಆರ್‌ಜಿಬಿಗೆ ಕನ್ವರ್ಟ್ ಮಾಡಿ, ಪ್ರೊಫೈಲ್ ಜೊತೆಗಿಟ್ಟು ಎಕ್ಸ್‌ಪೋರ್ಟ್ ಮಾಡಿ. ಕನ್ವರ್ಟ್ ಮಾಡೋಕೆ ಮುಂಚೆ ಸಾಫ್ಟ್ ಪ್ರೂಫ್ (ಎಕ್ಸ್‌ಪೋರ್ಟ್ ಆದ್ಮೇಲೆ ಹೇಗೆ ಕಾಣುತ್ತೆ ಅಂತ ಮೊದಲೇ ತೋರಿಸೋದು) ಆನ್ ಮಾಡಿ ನೋಡಿ, ಪಟ್ಟಿಯ ನಡುಭಾಗದಲ್ಲಿ ನೇರಳೆ ಎಲ್ಲಾದ್ರೂ ಮಿತಿ ದಾಟಿದ್ರೆ ಎಚ್ಚರಿಕೆ ತೋರಿಸುತ್ತೆ, ಅಲ್ಲಿ ಮಾತ್ರ ಸ್ಯಾಚುರೇಷನ್ ಒಂದಿಷ್ಟು ಇಳಿಸಿ. ಪ್ರಿಂಟ್ ಮಾಡ್ಸೋದಾದ್ರೆ ದೊಡ್ಡ ಕಲರ್ ಸ್ಪೇಸ್‌ನ ಫೈಲನ್ನ ಬೇರೆಯಾಗಿ ಇಟ್ಕೊಳ್ಳಿ.

ಹುಲ್ಲುಹಾದಿ:
ಎಸ್‌ಆರ್‌ಜಿಬಿ ಮಾಡಿ ಮತ್ತೆ ಹಾಕಿದೀನಿ ಸರ್, ಈಗ ಸರಿ ಬಂದಿದೆ. ಒಣಹುಲ್ಲಿನ ತೇಪೆ ಕ್ರಾಪ್ ಮಾಡಿದ್ರೆ ಪಟ್ಟಿಯ ತುದಿ ಹೋಗ್ತಿತ್ತು, ಅದಕ್ಕೆ ಕಪ್ಪು ಮಾಡಿದೀನಿ.